ಕೋಟೆಯ ಕೆಳಕೋಣೆ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಮಾಡುವ ನಮಸ್ಕಾರ. ಎರಡು ಬೀದಿ ಆಚೆ ಇರುವವಳಿಗೆ ಕಾಗದ ಯಾಕೆ ಬರೆದ, ಕಾಲಿಗೇನು ಬಂತು ಇವನಿಗೆ ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಕಾಲು ನೆಟ್ಟಗಿದೆ. ನಿನ್ನ ಎದುರು ಕೂತರೆ ಬಾಯಿ ಏಳುವುದಿಲ್ಲ, ಅದಕ್ಕೇ ಇದು.

ನಲವತ್ತು ವರ್ಷ ಕೋಟೆ ತೋರಿಸಿ ಹೊಟ್ಟೆ ಹೊರೆದವನು ನಾನು. ಬಂದರಿನ ಬಾಯಿಗೆ ಅಡ್ಡಲಾಗಿ ಎಳೆಯುತ್ತಿದ್ದ ಕಬ್ಬಿಣದ ಸರಪಳಿ, ಹದಿನೆಂಟು ಫಿರಂಗಿ, ಎಲ್ಲ ಬಾಯಿಪಾಠ. ಆದರೆ ಜನ ಕಾದಿರುತ್ತಿದ್ದದ್ದು ಕೆಳಕೋಣೆಯ ಕಥೆಗೆ. ಮುನ್ನೂರು ವರ್ಷದ ಹಿಂದೆ ಏಳು ಜನರನ್ನು ಅಲ್ಲಿ ಕೂಡಿಹಾಕಿದ್ದರು, ಸಮುದ್ರಕ್ಕೆ ಉಬ್ಬರ ಬಂತು, ಕಾವಲುಗಾರ ಬರಲಿಲ್ಲ ಎಂದು ಹೇಳಿ ಮುಚ್ಚಿದ ಗೋಡೆ ತೋರಿಸುತ್ತಿದ್ದೆ. ಒಮ್ಮೆ ನೀನೂ ಮೊಮ್ಮಗಳ ಜೊತೆ ಬಂದು ಕೇಳಿ, ಕಣ್ಣೊರೆಸಿಕೊಂಡೆ. "ಪಾಪ, ಯಾರ ಮನೆ ಗಂಡಸರೋ," ಅಂದೆ.

ಹೋದ ವಾರ ರಿಪೇರಿಗೆಂದು ಆ ಗೋಡೆ ಒಡೆದರು. ಒಳಗೆ ಮೂಳೆಗಳಿದ್ದವು. ಉಪ್ಪುನೀರು, ಸುಣ್ಣ ಸೇರಿ ಬಟ್ಟೆಬರೆಯ ಗುರುತೇನೂ ಉಳಿಸಿರಲಿಲ್ಲ. ಪುರಾತತ್ವ ಇಲಾಖೆಯ ಕನ್ನಡಕದ ಹುಡುಗಿ ಓಡಿಬಂದು ನನ್ನ ಕೈ ಹಿಡಿದುಕೊಂಡಳು. "ಅಜ್ಜ, ನಿಮ್ಮ ಕಥೆ ಪೂರ್ತಿ ನಿಜ ಕಣಜ್ಜ. ಏಳು ಅಂದ್ರೆ ಏಳೇ ಇದಾವೆ," ಅಂದಳು. ಬುಧವಾರ ಅಲ್ಲಿ ಕಲ್ಲಿನ ಫಲಕ ನಿಲ್ಲಿಸುತ್ತಾರಂತೆ, ನನ್ನ ಕಥೆಯನ್ನೇ ಕೆತ್ತಿಸಿ.

ಅಕ್ಕ, ಆ ಕಥೆಯಲ್ಲಿ ಸುಳ್ಳು ಒಂದೇ, ಇಸವಿ.

ಬಂದರಿನ ಕೂಲಿಗಳು ಮುಷ್ಕರ ಹೂಡಿದ ವರ್ಷ ನಾನು ಕೋಟೆಗೆ ಹೊಸ ಕಾವಲುಗಾರ. ಪೊಲೀಸ್ ಸಾಹೇಬ ಭಾವನನ್ನೂ ಇನ್ನೂ ಆರು ಜನರನ್ನೂ ಹಿಡಿದು ತಂದು, ಠಾಣೆ ತುಂಬಿದೆ, ಸಂಜೆಯವರೆಗೆ ಇಲ್ಲಿರಲಿ ಎಂದು ಕೆಳಕೋಣೆಗೆ ತಳ್ಳಿಸಿದ. ಅಮಾವಾಸ್ಯೆ ಬಂತೆಂದರೆ ಉಬ್ಬರದ ನೀರು ನುಗ್ಗುವ ಆ ಕೋಣೆಯಲ್ಲಿ ಒಂದು ಮೂಟೆಯನ್ನೂ ಇಡಬಾರದು ಎಂಬುದು ಕೋಟೆಯವರ ಕಟ್ಟಳೆ. ನನಗೂ ಗೊತ್ತಿತ್ತು. ಆದರೆ ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು, ಇನ್ನು ನೀರು ಮೊಣಕಾಲು ದಾಟಲಾರದು ಅಂದುಕೊಂಡೆ. ಎಲ್ಲಕ್ಕಿಂತ ದೊಡ್ಡ ಉಬ್ಬರ ಬರುವುದು ಆ ಎರಡನೆಯ ದಿನವೇ. ಹಳೆಯ ಕಾವಲುಗಾರನಿಗೆ ಅದು ಗೊತ್ತಿತ್ತು. ಕೇಳಲು ನನಗೆ ಬಿಗುಮಾನ.

ಬೀಗ ಹಾಕಿ ನಿನ್ನ ಮನೆಗೆ ಊಟಕ್ಕೆ ಬಂದೆ. ಭಾವನನ್ನು ಎಲ್ಲಾದರೂ ನೋಡಿದೆಯೇನೋ ಎಂದು ನೀನು ಕೇಳಿದೆ. ಸಂಜೆಗೆ ಬರುತ್ತಾರೆ ಬಿಡು ಎಂದೆ ನಾನು. ಇನ್ನೊಂದು ತುತ್ತು ಎಂದು ನೀನು ಕೂರಿಸಿದೆ, ನಾನೂ ಕೂತೆ. ವಾಪಸು ಹೋದಾಗ ಮೇಲಿನ ಮೆಟ್ಟಿಲಿನವರೆಗೆ ನೀರಿತ್ತು. ಒಳಗಿಂದ ಸದ್ದಿರಲಿಲ್ಲ.

ಆ ವಾರವೇ ಸಾಹೇಬ ಗೋಡೆ ಕಟ್ಟಿಸಿ, ಏಳೂ ಜನ ಸರಕಿನ ಹಡಗು ಹತ್ತಿ ಓಡಿಹೋದರು ಎಂದು ಹಬ್ಬಿಸಿದ. ನಿನಗೆ ಹೇಳಿದವನು ನಾನೇ. ನೀನು ನಂಬಲಿ ಅಂತ ಹಡಗಿನ ಬಣ್ಣವನ್ನೂ ಹೇಳಿದೆ. ಆಮೇಲೆ ಎದೆಯಲ್ಲಿ ಇಟ್ಟುಕೊಳ್ಳಲಾರದೆ, ನಡೆದದ್ದನ್ನು ಮುನ್ನೂರು ವರ್ಷ ಹಿಂದಕ್ಕೆ ತಳ್ಳಿ, ಬಂದಬಂದವರಿಗೆಲ್ಲ ಹೇಳಿಕೊಂಡೆ.

ಮಗ ಎಷ್ಟು ಕರೆದರೂ ಆ ಬಾಡಿಗೆ ಮನೆ ಬಿಟ್ಟು ನೀನು ಹೋಗಲಿಲ್ಲ. ವಿಳಾಸ ಬದಲಾದರೆ ಅವರಿಗೆ ಮನೆ ಸಿಗುವುದು ಹೇಗೆ ಎನ್ನುತ್ತಿದ್ದೆ. ಪ್ರತಿ ಸಲವೂ ನಾನು ಹೌದಕ್ಕ ಎಂದು ತಲೆಯಾಡಿಸಿದ್ದೇನೆ.

ಸಾಹೇಬ ಸತ್ತು ಎಷ್ಟೋ ವರ್ಷವಾಯಿತು. ನಾನು ಬಾಯಿ ಮುಚ್ಚಿಕೊಂಡರೆ ಫಲಕ ನಿಲ್ಲುತ್ತದೆ, ನೀನು ಕಾಯುತ್ತಲೇ ಇರುತ್ತೀಯ. ನಾಳೆ ಬೆಳಿಗ್ಗೆ ಆ ಹುಡುಗಿಯ ಕಚೇರಿಗೆ ಹೋಗಿ ಏಳೂ ಹೆಸರು ಬರೆಸುತ್ತೇನೆ. ಆಮೇಲೆ ಆದದ್ದಾಗಲಿ. ಮೊದಲು ನಿನಗೆ ಗೊತ್ತಾಗಬೇಕು ಎಂದು, ಇದನ್ನು ಇವತ್ತೇ ನಿನ್ನ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ.

ನಿನ್ನ ಕೈಯಲ್ಲೇ ಬೆಳೆದ,
ತಮ್ಮ

ಮರೆತದ್ದಲ್ಲ, ನಿಜ ಬರೆಯಲಾಗದೆ ಮೇಲೆ ಸುಳ್ಳು ಬರೆದದ್ದು: ಪೊಲೀಸರು ತಂದದ್ದು ಆರೇ ಜನರನ್ನು. ಭಾವನನ್ನು ಯಾರೂ ಹಿಡಿದಿರಲಿಲ್ಲ. ಅವರಾಗಿಯೇ ಒಳಗಿನವರಿಗೆ ಕುಡಿಯುವ ನೀರು ಹೊತ್ತುಕೊಂಡು ಬಂದಿದ್ದರು. "ಎರಡು ನಿಮಿಷ ಬಿಡೋ, ಕೊಟ್ಟು ಬಂದ್ಬಿಡ್ತೀನಿ," ಅಂದರು. ಬಿಟ್ಟೆ. ಹಿಂದೆಯೇ ಬಾಗಿಲು ಎಳೆದು ಬೀಗ ಹಾಕಿದೆ. ಸಂಜೆಯವರೆಗೆ ಒಳಗಿದ್ದರೆ ಮುಷ್ಕರದ ಹುಚ್ಚು ಇಳಿದೀತು, ನಿನ್ನ ಸಂಸಾರ ನೆಟ್ಟಗಾದೀತು ಅಂದುಕೊಂಡೆ. ಅವರು ಒಳಗಿಂದ ನನ್ನ ಹೆಸರು ಹಿಡಿದು ನಗುತ್ತಾ ಕೂಗಿದರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು.