ಆಯೇರಿ

ಜನವರಿ 20, ಸೋಮವಾರ

ಬೆಳಿಗ್ಗೆಯಿಂದ ಪಾಲಿಶ್ ಮಷಿನ್ ಗದ್ದಲ. ಚಹಾದಲ್ಲೂ ಕಲ್ಲಿನ ಧೂಳು. ಪರಸಿ ಕಲ್ಲಿನ ಬಿಲ್ ಬರೆಯುತ್ತ ಮಧ್ಯೆ ಮಧ್ಯೆ ಫೋನ್ ನೋಡಿದೆ. ಟಿಕ್ಕೋ ಎಂಬ ಕ್ರಿಪ್ಟೋ ಕಾಯಿನ್ ಇವತ್ತೂ ಏರಿದೆ. ಏರಲಿ. ಮೇಲಿಂದ ಬಿದ್ದರೇ ಸೊಂಟ ಮುರಿಯುವುದು.

ವಾಡಿಯ ಪ್ರಬುದ್ಧ ಈಗ ಯೂಟ್ಯೂಬಿನಲ್ಲಿ ಅದನ್ನೇ ಕೊಳ್ಳಿರೆಂದು ಹೇಳುವ ‘ಟಿಕ್ಕೋ ಸರ್’. ಸೂಟು ಬೇರೆ. ಅಕ್ಟೋಬರಿನಲ್ಲಿ ನನಗೆ ಉಂಗುರ ತೊಡಿಸಿದವನು, ಕಾಯಿನ್ ಏರಿದ್ದೇ ತಡ ಫೋನ್ ಮಾಡಿದ. “ಮೈತ್ರಿ, ಈಗ ನಮ್ಮ ಲೆವೆಲ್ ಬ್ಯಾರೆ ಆಗ್ಯದ. ತಪ್ಪು ತಿಳ್ಕೋಬ್ಯಾಡ.”

ಇಲ್ಲ. ಸರಿಯಾಗಿಯೇ ತಿಳಿದುಕೊಂಡೆ.

ಜನವರಿ 22

ಅವ್ವ ನನ್ನ ಮದುವೆಗೆಂದು ಮಾಡಿಸಿಟ್ಟ ಬಳೆಗಳನ್ನು ಸೇಡಂನಲ್ಲಿ ಒತ್ತೆ ಇಟ್ಟೆ. ಶಹಾಬಾದದಲ್ಲಿ ಇಟ್ಟರೆ ಸಂಜೆಯೊಳಗೆ ಊರಿಗೇ ಗೊತ್ತು. ಆ ದುಡ್ಡನ್ನು ಜಾಮೀನಾಗಿಟ್ಟು ಟಿಕ್ಕೋ ಶಾರ್ಟ್ ಮಾಡಿದೆ. ಇಲ್ಲದ ಕಾಯಿನ್ನನ್ನು ಕಡ ತಂದು ಮಾರುವುದು, ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ತಿರುಗಿ ಕೊಡುವುದು. ನಡುವಿನದು ನನ್ನದು. ಏರಿದರೆ ಬಳೆ ಹೋದಂತೆ.

ಬೀಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಜನವರಿ 28

ಬಿದ್ದಿದೆ. ಸ್ವಲ್ಪವೇ. ಆದರೂ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಸಂಜೆ ಪ್ರಬುದ್ಧನ ಮದುವೆ ಕಾರ್ಡ್ ಬಂತು. ಭಾನುವಾರ. ಅವ್ವ ಹೋಗುತ್ತಾಳಂತೆ.

“ನಾಚಿಕಿ ಇಲ್ಲೇನಬೇ ನಿನಗ?”

“ನಿಮ್ಮಕ್ಕನ ಲಗ್ನಕ್ಕ ಅವರವ್ವ ಸಾವಿರ ರೂಪಾಯಿ ಆಯೇರಿ ಹಾಕ್ಯಾಳ. ತಿರಗಿ ಹಾಕಲಿಲ್ಲಂದ್ರ ಅವರ ಹಂಗಿನಾಗ ಇರಬೇಕಾಗ್ತದ.”

ಹೋಗಲಿ. ಊಟವಾದರೂ ವಸೂಲಾಗುತ್ತದೆ.

ಫೆಬ್ರವರಿ 2, ಭಾನುವಾರ — ಮಧ್ಯಾಹ್ನ

ಏರುತ್ತಿದೆ. ಯಾಕೆ? ಸುದ್ದಿ ಏನೂ ಇಲ್ಲ... ಮತ್ತೆ ಏರಿತು. ಇನ್ನಷ್ಟು ದುಡ್ಡು ತುಂಬದಿದ್ದರೆ ಜಾಮೀನು ಮುಳುಗುತ್ತದಂತೆ. ಎಲ್ಲಿಂದ?

ಅದೇ ದಿನ, ಸಂಜೆ

ಲಿಕ್ವಿಡೇಟೆಡ್. ಒಂದೇ ಪದ. ಬಳೆಯ ದುಡ್ಡೆಲ್ಲ ಹೋಯಿತು.

ಅವ್ವ ವಾಡಿಯಿಂದ ಈಗ ಬಂದಳು. ಮುಖ ಅರಳಿದೆ.

“ಮದುಮಕ್ಕಳು ರೊಕ್ಕ ಕೈಯಾಗ ತಗೊಳ್ಳಲಿಲ್ಲವಾ. ಆಯೇರಿ ಎಲ್ಲಾ ಅದೇ ಕಾಯಿನ್ನಿನಾಗ. ಪ್ರಬುದ್ಧನ ಮಾವ ರೊಕ್ಕ ಇಸ್ಕೊಂಡು ಅಲ್ಲೇ ಖರೀದಿ ಮಾಡಾಕತ್ತಿದ್ದ. ಮಂದಿನೂ ನಾ ಮುಂದ ತಾ ಮುಂದ ಅಂತ ಹೆಚ್ಚಿಗಿ ಹಾಕಿದ್ರು. ಒಂದು ವರ್ಷ ಮಾರಂಗಿಲ್ಲ, ಲಾಕ್ ಮಾಡೀನಿ ಅಂತ ಪ್ರಬುದ್ಧ ಮೈಕಿನಾಗ ಹೇಳಿದ.”

ಅದನ್ನೆಲ್ಲ ಚಾನೆಲಿನಲ್ಲಿ ಲೈವ್ ಬಿಟ್ಟಿದ್ದನಂತೆ. ನೋಡಿದವರೂ ಕೊಂಡರು. ಸಣ್ಣ ಕಾಯಿನ್, ಏರಲು ಇಷ್ಟು ಸಾಕು ಅದಕ್ಕೆ.

“ನೀ ಎಷ್ಟು ಹಾಕಿದಿ?”

“ಐದು ಸಾವಿರ.”

ಫೆಬ್ರವರಿ 4

ನಿನ್ನೆಯಿಂದ ಎಲ್ಲ ಕಾಯಿನ್‌ಗಳೂ ಬೀಳುತ್ತಿವೆ. ಟಿಕ್ಕೋ ಪೂರ್ತಿ ನೆಲಕ್ಕೆ. ಎರಡು ದಿನ ಮೊದಲು ಬೀಳಬಾರದಿತ್ತೇ ಇದು? ಅವನದು ಲಾಕ್. ಮಾರಲಾರ. ಚಾನೆಲ್ ಬಂದ್.

ಹಾವು ಸತ್ತಿತು. ಮುರಿದ ಕೋಲು ಮಾತ್ರ ನನ್ನದು.

ಅವ್ವನಿಗೆ ಹೇಳಿದೆ, ನಿನ್ನ ಐದು ಸಾವಿರ ಮಣ್ಣಾಯಿತೆಂದು. ಜೋಳ ಹಸನು ಮಾಡುತ್ತ ನಕ್ಕಳು.

“ಅವರ ಪಾಲಿಗೆ ಮಣ್ಣು. ನಾ ಹಾಕಿದ್ದು ಐದು ಸಾವಿರ, ಎಲ್ಲಾರೂ ನೋಡ್ಯಾರ. ನಿನ್ನ ಲಗ್ನಕ್ಕ ತೆಲಿ ತಗ್ಗಿಸಿ ಬಂದು, ಅದಕ್ಕಿಂತ ಮ್ಯಾಲೆ ಹಾಕಬೇಕು ಅಂವ. ನನ್ನ ಮಗಳನ್ನ ಒಲ್ಲೆ ಅಂದವನು, ಪುಕ್ಕಟ್ಟೆ ಬಿಡ್ತೀನೇನು?”

ನನಗಿಂತ ಹೆಚ್ಚು ಉರಿದಿದ್ದಾಳೆ. ಅವನು ಒಲ್ಲೆನೆಂದಾಗಿನಿಂದ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಫೆಬ್ರವರಿ 9

ನಾಳೆ ಚಿಂಚೋಳಿಯಿಂದ ಹೆಣ್ಣು ನೋಡಲು ಬರುತ್ತಾರೆ. ಅವ್ವ ಟ್ರಂಕು ತೆಗೆದು ಕೂತಿದ್ದಾಳೆ. ಹಸಿರು ಸೀರೆ ಹೊರಗೆ ಬಂತು. ಈಗ ಬಳೆಯ ಡಬ್ಬಿ.

“ಮೈತ್ರಿ, ಬಳಿ ಎಲ್ಲಿ ಇಟ್ಟೀಯವಾ?”

ಎದ್ದು ಹೋಗಬೇಕು. ಹೇಳಬೇಕು. ಅವನ ಮೇಲಿನ ಸಿಟ್ಟಿಗೆ ಒತ್ತೆ ಇಟ್ಟೆ, ಇಷ್ಟನ್ನು ಹೇಳಬಹುದು. ಹೇಗೆ ಹೋಯಿತು ಅಂತ ಕೇಳಿದರೆ? ಅವ್ವಾ, ಅವತ್ತು ಆ ಮಂದಿಯ ಜೊತೆ ನೀನೂ ಹಾಕಿದ ಆ ಐದು ಸಾವಿರವೂ ಸೇರಿಯೇ ಕಾಯಿನ್ ಏರಿತು, ಬಳೆ ಹೋಯಿತು ಅಂತ...