ಗುರುವಾರದ ಬಾಗಿಲು

ಪೋರ್ತೊ ಸಾಲ್ವೆ
ಮೇ ೨೭

ಪ್ರೀತಿಯ ಫೆಡೋರಾ,

ಈಸ್ಟರ್ ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಬಾಯಿಬಿಟ್ಟು ಬೈಯುವ ಹಾಗಿಲ್ಲವಾದರೆ ಮನಸ್ಸಿನಲ್ಲೇ ಬೈದುಕೋ. ನಿನ್ನ ಮಂಡಿನೋವು ಹೇಗಿದೆ?

ಸುದ್ದಿ ನಿನಗೂ ಮುಟ್ಟಿರಬೇಕು. ಭಾನುವಾರ ಕೊನೆಯ ಪಂದ್ಯವನ್ನೂ ಸೋತು ನಮ್ಮೂರ ಫುಟ್‌ಬಾಲ್ ತಂಡ ಕೆಳಗಿನ ದರ್ಜೆಗೆ ಬಿತ್ತು. ಹೋದ ವರ್ಷ ಇಟಲಿಯ ಕಪ್ ಗೆದ್ದಾಗ ಊರಿಗೆ ಊರೇ ಕುಣಿದಿತ್ತು. ಆ ಕಪ್ಪೇ ನಮ್ಮನ್ನು ಯೂರೋಪಿನ ಪಂದ್ಯಾವಳಿಗೆ ಕಳಿಸಿತು, ಯೂರೋಪೇ ಮುಳುಗಿಸಿತು. ಗುರುವಾರ ಪರದೇಶದವರನ್ನು ಸೋಲಿಸುವುದು, ಭಾನುವಾರ ಇಲ್ಲಿ ಕಾಲೆಳೆದುಕೊಂಡು ಸೋಲುವುದು. ಊರಿಗೆ ಉಪಕಾರಿ, ಮನೆಗೆ ಮಾರಿ!

ನಮ್ಮ ಕ್ರೀಡಾಂಗಣ ಯೂರೋಪಿನವರ ಅಳತೆಗೆ ಸಾಲದೆಂದು ಗುರುವಾರದ ಪಂದ್ಯಗಳೆಲ್ಲ ದೂರದೂರಿನಲ್ಲಿ. ಹಾಗಾಗಿ ಜನವೆಲ್ಲ ನನ್ನ ಬಾರಿನ ಟಿವಿ ಮುಂದೆ. ಸೆಪ್ಟೆಂಬರಿನ ಮೊದಲ ಪಂದ್ಯದಲ್ಲಿ ನನ್ನ ಗಂಡ ದೆಲ್ಮೊ ಸಿಗರೇಟು ಸೇದಲು ಹೊರಗೆ ಹೋದ, ಆಗಲೇ ನಮ್ಮವರ ಗೋಲು. ಒಳಗೆ ಬಂದ, ಎದುರಾಳಿಗಳು ಸಮ ಮಾಡಿದರು. ಕ್ಷೌರಿಕ ಗಸ್ಟೋನೆ ಅವನನ್ನು ಹೊರಗೆ ದಬ್ಬಿದ; ಮತ್ತೆ ಗೋಲು. ಇನ್ನೇನು ಬೇಕು ನಮ್ಮ ಜನಕ್ಕೆ? ಅಂದಿನಿಂದ ಗುರುವಾರಗಳಲ್ಲಿ ದೆಲ್ಮೊನ ಜಾಗ ಬಾಗಿಲಾಚೆ, ಗೋಡೆಗೆ ಮುಖ ಮಾಡಿ. ಮೂಢನಂಬಿಕೆ ಎನ್ನುತ್ತೀಯ, ಗೊತ್ತು. ನಾನೂ ಒಂದೇ ಕೆಂಪು ಸ್ವೆಟರನ್ನು ಒಗೆಯದೆ ಎಲ್ಲ ಗುರುವಾರವೂ ಹಾಕಿದೆ.

ನಲವತ್ತು ವರ್ಷದಿಂದ ಈ ತಂಡಕ್ಕಾಗಿ ಪ್ರಾಣ ಬಿಡುವ ಮನುಷ್ಯ ಅವನು. ಚಳಿಗಾಲವಿಡೀ ಭಾನುವಾರದ ಸೋಲುಗಳನ್ನು ಕಣ್ಣಾರೆ ಕಂಡ. ಗುರುವಾರದ ಗೆಲುವು ಒಂದನ್ನೂ ಕಾಣಲಿಲ್ಲ.

ಈ ತಿಂಗಳ ಮೊದಲಲ್ಲಿ ಸೆಮಿಫೈನಲ್. ಲೋಟ ಒರೆಸುತ್ತಿದ್ದ ದೆಲ್ಮೊ ನನ್ನ ಪಕ್ಕಕ್ಕೆ ಬಂದ.

"ನೋರಿನಾ, ಇವತ್ತೊಂದಿನ ಒಳಗಿರ್ತೀನಿ ಕಣೇ. ಒಂದಾದ್ರೂ ನೋಡ್ಬೇಕು."

"ತಲೆ ಕೆಟ್ಟಿದ್ಯಾ? ಫೈನಲ್ ನೋಡೋವಂತೆ. ನಡಿ ಆಚೆ!"

"ಮೂಲೇಲಿ ನಿಂತಿರ್ತೀನಿ. ಯಾರಿಗೂ ಗೊತ್ತಾಗಲ್ಲ."

"ಚೆಂಡಿಗೆ ಗೊತ್ತಾಗುತ್ತೆ!" ಎಂದು ಗಸ್ಟೋನೆ ಕೂತಲ್ಲಿಂದಲೇ ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಳೆ ಬರುತ್ತಿತ್ತು. ಕೊಡೆ ಕೈಗೆ ಕೊಟ್ಟು ಬಾಗಿಲು ಹಾಕಿದೆ.

ಫೈನಲಿಗೆ ಹೋಗಲು ಎರಡು ಗೋಲು ಬೇಕಿತ್ತು, ಒಂದೇ ಬಂತು. "ಇವ್ನು ಕಿಟಕೀಲಿ ಇಣುಕಿರ್ತಾನೆ, ಅದಕ್ಕೇ ಹಿಂಗಾಯ್ತು" ಎಂದು ಗಸ್ಟೋನೆ ರೇಗಿದ. ದೆಲ್ಮೊ ಕುರ್ಚಿಗಳನ್ನು ಎತ್ತಿಡತೊಡಗಿದ. ನನಗೂ ಅದೇ ಅನುಮಾನ. ಮೂರು ದಿನ ಅವನನ್ನು ಮಾತಾಡಿಸಲಿಲ್ಲ.

ನಿನ್ನ ಜೊತೆಯ ಸಿಸ್ಟರುಗಳಿಗೆ ನನ್ನ ನಮಸ್ಕಾರ ತಿಳಿಸು. ಮಾತೆ ಮರಿಯಾ ನಿನ್ನನ್ನು ಕಾಯಲಿ, ಮಂಡಿಗೂ ಬಲ ಕೊಡಲಿ.

ನಿನ್ನವಳೇ ಆದ
ನೋರಿನಾ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಪಾದ್ರಿಯ ಮುಂದೆ ಹೇಳಲಾಗಲಿಲ್ಲ, ನಿನಗೆ ಹೇಳುತ್ತೇನೆ. ದೆಲ್ಮೊನ ಕಣ್ಣು ಹೋಯಿತು, ಫೆಡೋರಾ. ಬೇಸಿಗೆಯೊಳಗೆ ಪೂರ್ತಿ ಹೋಗುತ್ತದೆಂದು ಡಾಕ್ಟರು ಮಾರ್ಚಿನಲ್ಲೇ ಹೇಳಿದ್ದರಂತೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಗುರುವಾರದ್ದು ಚೆನ್ನಾಗಿ ನಡೀತಿತ್ತಲ್ಲೇ, ಕೆಡಿಸೋದ್ಯಾಕೆ ಅಂತ" ಅಂದ.

ನಿನ್ನೆ ಕೇಳಿದ: "ಆ ಸೆಮಿಫೈನಲ್ ಗೋಲು ಹೆಂಗ್ ಬಿತ್ತು, ಹೇಳೇ." ಎಡಗಾಲಿನ ಹೊಡೆತ, ಕಂಬಕ್ಕೆ ಬಡಿದು ಒಳಗೆ ಹೋಯಿತು ಎಂದೆ. ಅವನ ಮುಖ ಅರಳಿತು. ಎಲ್ಲ ನಾನು ಕಟ್ಟಿದ್ದು. ಗೋಲು ಬಿದ್ದಾಗಲೂ, ಅದನ್ನು ಮತ್ತೆ ತೋರಿಸಿದಾಗಲೂ ನಾನು ಟಿವಿ ಕಡೆ ನೋಡಲಿಲ್ಲ. ಅವನೆಲ್ಲಿ ಒಳಗೆ ಬಂದುಬಿಡುತ್ತಾನೋ ಎಂದು ಬಾಗಿಲು ಕಾಯುತ್ತಿದ್ದೆ.