ಮರಳುಗಾಡಿನಲ್ಲಿ ಬಸಿಗಾಲುವೆ

ರಾಜಸ್ಥಾನ
ಜುಲೈ ೧೯೮೩

ಅಪ್ಪಯ್ಯನಿಗೆ ನಾಗವೇಣಿಯ ನಮಸ್ಕಾರಗಳು.

ನಿನ್ನೆ ಇಲ್ಲಿ ಮಳೆ ಬಂತು. ಎರಡು ವರ್ಷದ ಮೇಲೆ ಬಂದ ಮಳೆಯಂತೆ. ವಿಶ್ವವಿದ್ಯಾಲಯದ ತೋಟಕ್ಕೆ ನಕ್ಷೆ ಹಾಕುವಾಗ ನಾನು ನಿಮ್ಮ ಮಾತನ್ನೇ ನಂಬಿದ್ದೆ: "ನೀರು ನಿಂತ್ರೆ ಬೇರು ಕೊಳೀತದೆ ಕಣೆ, ಮೊದ್ಲು ಬಸಿಗಾಲುವೆ ತೆಗಿ." ಸಾಲಿನ ನಡುವೆ ಕಾಲುವೆ ತೋಡಿಸಿದ್ದೆ. ಮಳೆನೀರೆಲ್ಲ ಅದರಲ್ಲೇ ಗೇಟಿನಾಚೆ ಹೊರಟಿತು.

ಕಂಡವರೆಲ್ಲ ಓಡಿಬಂದರು. ಪ್ರೊಫೆಸರು, ಅಡುಗೆಯವರು, ಹಾಸ್ಟೆಲಿನ ಹುಡುಗಿಯರು ಹಾಸಿಗೆ, ಮೂಟೆ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಕಾಲುವೆಯ ಬಾಯಿಗೆ ಒಡ್ಡಿದರು. ಯಾರೂ ನನ್ನನ್ನು ಬೈಯಲಿಲ್ಲ. ಗಿಡಗಳ ಬುಡದಲ್ಲಿ ನೀರು ನಿಂತಾಗ ಎಲ್ಲರೂ ಚಪ್ಪಲಿ ಕಳಚಿ, ಗರ್ಭಗುಡಿಯ ಮುಂದೆ ನಿಂತ ಹಾಗೆ ನಿಂತರು. ನಾನೂ ನಿಂತೆ.

ಕಾಲುವೆಗಳನ್ನು ನಾಳೆ ಮುಚ್ಚಿಸುತ್ತೇನೆ.

ಮಿಡಿ ಉಪ್ಪಿನಕಾಯಿ ಮುಗಿದಿದೆ. ಕಳಿಸಲು ಬ್ಯಾಕೋಡಿನಿಂದ ಸಾಗರದ ಅಂಚೆಕಚೇರಿಗೆ ಹೋಗುತ್ತೀರಲ್ಲ, ಆಗ ಒಂದು ಕೆಲಸ ಮಾಡಿ. ಅಣೆಕಟ್ಟು ಕಟ್ಟಿ ನಮ್ಮ ಗದ್ದೆ ಮನೆ ಮುಳುಗಿದ ಮೇಲೆ ನೀವು ಆ ಹಿನ್ನೀರನ್ನು ನೋಡಿದವರೇ ಅಲ್ಲ. ಅದನ್ನು ದಾಟುವ ಲಾಂಚಿನಲ್ಲಿ ಆಚೆ ದಡ ಮುಟ್ಟುವ ತನಕ ಕಣ್ಣು ಮುಚ್ಚಿ ಕೂರುತ್ತೀರಿ. ಈ ಸಲ ಕಣ್ಣು ಬಿಟ್ಟು ಕೂತುಕೊಳ್ಳಿ. ಆ ನೀರನ್ನು ಕ್ಷಮಿಸಬೇಕೆಂದಿಲ್ಲ. ನನಗಾಗಿ ಒಮ್ಮೆ ನೋಡಿ, ಅಷ್ಟೆ.

ನಿಮ್ಮ ಮಗಳು
ನಾಗವೇಣಿ